ಮನೆಯ ಆರೋಗ್ಯ: ಬಾಯಿಯ ಹುಣ್ಣು ಮತ್ತು ಕಡಲಾಚೆಯ ಆಸ್ಪತ್ರೆ



ಈ ಅಂಕಣಕ್ಕೆ ಪ್ರತಿ ತಿಂಗಳೂ ಹತ್ತಾರು ಪತ್ರಗಳು ಬರುತ್ತವೆ. ಮಕ್ಕಳ ಕೆಮ್ಮು, ಹಿರಿಯರ ಮೊಣಕಾಲು ನೋವು, ಸಕ್ಕರೆ ಕಾಯಿಲೆಯ ಪಥ್ಯ, ಇಂಥ ವಿಷಯಗಳಿಗೆ ಸಾವಧಾನವಾಗಿ ಉತ್ತರ ಬರೆಯಬಹುದು. ಆದರೆ ಕೆಲವು ಪತ್ರಗಳು ಸಂಚಿಕೆ ಅಚ್ಚಾಗುವವರೆಗೆ ಕಾಯುವಂಥವಲ್ಲ. ಅಂಥ ಒಂದು ಪತ್ರ ಕೆಲವು ತಿಂಗಳುಗಳ ಹಿಂದೆ ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಿಂದ ನಮಗೆ ಬಂದಿತು. ಬರೆದವರು ಆ ಮನೆಯ ಹಿರಿಯ ಸೊಸೆ.

ಅವರ ಮಾವನವರಿಗೆ ಅರವತ್ತೊಂದು ವರ್ಷ. ಎಡಗೆನ್ನೆಯ ಒಳಭಾಗದಲ್ಲಿ ಎದ್ದ ಹುಣ್ಣೊಂದು ಎರಡೂವರೆ ತಿಂಗಳಾದರೂ ಮಾಯ್ದಿರಲಿಲ್ಲ. ಮೊದಲು ಹಲ್ಲು ತಾಗಿ ಆದ ಗಾಯವೆಂದು ಗ್ಲಿಸರಿನ್ ಹಚ್ಚಿದರು. ಆಮೇಲೆ ಉಷ್ಣವೆಂದು ಎಳನೀರು, ಮಜ್ಜಿಗೆ ಕುಡಿಸಿದರು. ತಾಲ್ಲೂಕಿನ ದಂತವೈದ್ಯರು ನೋಡಿ, ಹುಣ್ಣಿನ ಅಂಚಿನಿಂದ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಬೇಕೆಂದರು. ಅಷ್ಟಕ್ಕೇ ಮನೆಯ ಹಿರಿಯರು ಬೆದರಿದರು. ಕತ್ತಿ ತಾಗಿದರೆ ರೋಗ ಕೆರಳುತ್ತದೆ ಎಂಬ ಮಾತು ಬಂದಿತು. ಇಂಗ್ಲೆಂಡಿನಲ್ಲಿ ಇಂಜಿನಿಯರಾಗಿರುವ ಕಿರಿಯ ಮಗ ದೂರವಾಣಿಯಲ್ಲಿ, "ಅಲ್ಲಿ ಏನೂ ಮಾಡಿಸಬೇಡಿ, ಅಪ್ಪಾಜಿಯನ್ನು ಇಲ್ಲಿಗೆ ಕಳುಹಿಸಿ" ಎಂದರು. ಖರ್ಚಿಗೆ ಎರಡು ಎಕರೆ ಅಡಿಕೆ ತೋಟ ಮಾರುವುದೆಂದು ಮಾತಾಯಿತು. ವೀಸಾ ಬರುವ ತನಕ ಕಾಯುವುದು, ಮಾವನವರಿಗೆ ಮಾತ್ರ ಏನನ್ನೂ ತಿಳಿಸಕೂಡದು ಎಂದು ಮನೆಯವರೆಲ್ಲ ನಿಶ್ಚಯಿಸಿದರು. "ನಾವು ಮಾಡುತ್ತಿರುವುದು ಸರಿಯೇ? ನನ್ನ ಮನಸ್ಸು ಒಪ್ಪುತ್ತಿಲ್ಲ. ದಯವಿಟ್ಟು ಬೇಗ ತಿಳಿಸಿ" ಎಂದು ಆ ತಾಯಿ ಪತ್ರವನ್ನು ಮುಗಿಸಿದ್ದರು.

ಪತ್ರ ಬಂದ ದಿನವೇ ನಾವು ಅವರಿಗೆ ದೂರವಾಣಿ ಮಾಡಿ ಒಂದೇ ಮಾತು ಹೇಳಿದೆವು: "ವಿದೇಶದ ಮಾತು ಆಮೇಲಿರಲಿ. ಈ ವಾರವೇ ತುಣುಕು ಪರೀಕ್ಷೆ ಆಗಲಿ." ಹಾಗೇಕೆ ಹೇಳಿದೆವು ಎಂಬುದನ್ನು ಈಗ ಎಲ್ಲ ಕುಟುಂಬಗಳ ತಿಳಿವಳಿಕೆಗಾಗಿ ವಿವರವಾಗಿ ಬರೆಯುತ್ತಿದ್ದೇವೆ. ಏಕೆಂದರೆ ಇಂದು ನಮ್ಮ ಹಲವು ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಕಷ್ಟ ಬಂದಾಗ ಕಣ್ಣು ಕಡಲಾಚೆಗೆ ಹೋಗುವುದು ಸಹಜ.

ಅಲ್ಲಿ ರೋಗವನ್ನು ಗುರುತಿಸುವ ಬಗೆ

ಬ್ರಿಟನ್ನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿನ ವೈದ್ಯರಿಗೆ 2015ರಲ್ಲಿ ನೀಡಲಾದ ಮಾರ್ಗಸೂಚಿಯೊಂದಿದೆ. ಕಾರಣ ತಿಳಿಯದ ಬಾಯಿಹುಣ್ಣು ಮೂರು ವಾರಕ್ಕಿಂತ ಹೆಚ್ಚು ಕಾಲ ಉಳಿದರೆ, ಅಥವಾ ಕೊರಳಿನಲ್ಲಿ ಕಾರಣವಿಲ್ಲದ ಗಂಟು ಹಾಗೆಯೇ ನಿಂತರೆ, ಅಂಥವರನ್ನು ಅರ್ಬುದ ರೋಗದ, ಅಂದರೆ ಕ್ಯಾನ್ಸರಿನ, ಶಂಕೆಯ ಮೇಲೆ ತ್ವರಿತವಾಗಿ ತಜ್ಞರ ಬಳಿಗೆ ಕಳುಹಿಸಬೇಕು. ಕೆಂಪು ಮಚ್ಚೆ ಅಥವಾ ಕೆಂಪು-ಬಿಳಿ ಬೆರೆತ ಮಚ್ಚೆ ಕಂಡರೂ ಉಪೇಕ್ಷಿಸಕೂಡದು. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಗುರಿಯ ಪ್ರಕಾರ, ಹೀಗೆ ಕಳುಹಿಸಲ್ಪಟ್ಟವರಿಗೆ 28 ದಿನಗಳೊಳಗೆ ರೋಗ ಉಂಟೋ ಇಲ್ಲವೋ ಎಂಬುದನ್ನು ತಿಳಿಸಬೇಕು. 62 ದಿನಗಳೊಳಗೆ ಚಿಕಿತ್ಸೆ ಆರಂಭವಾಗಬೇಕು. ಅಲ್ಲಿಯೂ ಈ ಗುರಿ ಎಲ್ಲರ ವಿಷಯದಲ್ಲೂ ಈಡೇರುತ್ತಿಲ್ಲವೆಂಬುದು ನಿಜ. ಆದರೂ ದಿನಗಳನ್ನು ಎಣಿಸುವ ಪದ್ಧತಿಯೊಂದು ಇದೆ ಎಂಬುದೇ ದೊಡ್ಡ ಮಾತು. ನಮ್ಮ ಪತ್ರದ ಮಾವನವರು ಪರೀಕ್ಷೆಯೇ ಇಲ್ಲದೆ ಎಪ್ಪತ್ತೈದು ದಿನ ಕಳೆದಿದ್ದರು!

ತಜ್ಞರು ಮೊದಲು ಮಾಡುವ ಕೆಲಸ ಯಾವ ದೇಶದಲ್ಲಾದರೂ ಒಂದೇ. ಬೆರಳಿನಿಂದ ಹುಣ್ಣಿನ ಅಂಚನ್ನು ಮುಟ್ಟಿ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಕೊರಳಿನ ಗ್ರಂಥಿಗಳನ್ನು ತಡವುತ್ತಾರೆ. ಆ ಜಾಗವನ್ನು ಮಾತ್ರ ಮರಗಟ್ಟಿಸುವ ಸೂಜಿ ಕೊಟ್ಟು ಹುಣ್ಣಿನ ಅಂಚಿನಿಂದ ಸಣ್ಣ ತುಣುಕೊಂದನ್ನು ತೆಗೆಯುತ್ತಾರೆ. ಇದೇ ಬಯಾಪ್ಸಿ. ಲಂಡನ್ನಿನ ವೈದ್ಯರೂ ಈ ತುಣುಕಿಲ್ಲದೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ತುಣುಕು ತೆಗೆದರೆ ರೋಗ ಹರಡುತ್ತದೆಂಬ ಭೀತಿಗೆ ಆಧಾರವಿಲ್ಲ. ರೋಗ ಹರಡುವುದು ಕತ್ತಿಯಿಂದಲ್ಲ, ಕಾಯುವುದರಿಂದ. ಬಾಯಿಯ ಕ್ಯಾನ್ಸರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳು ಬಾಯಿಯ ಒಳಪದರದ ಚಪ್ಪಟೆ ಜೀವಕೋಶಗಳಿಂದ ಹುಟ್ಟಿದವು. ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಕಂಡ ಮೇಲೆಯೇ ರೋಗದ ಹೆಸರು ಖಚಿತವಾಗುತ್ತದೆ.

ಹೆಸರು ತಿಳಿದ ಮೇಲೆ ಅದು ಎಷ್ಟು ದೂರ ಹಬ್ಬಿದೆ ಎಂಬುದನ್ನು ಅಳೆಯಬೇಕು. ಇದಕ್ಕೆ ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನ್‌ಗಳು, ಕೊರಳಿಗೆ ಅಲ್ಟ್ರಾಸೌಂಡ್, ಮುಂದುವರಿದ ರೋಗದಲ್ಲಿ ಪೆಟ್-ಸಿ.ಟಿ. ಬೇಕಾಗಬಹುದು. ಹಿಂದೆ ಹುಣ್ಣಿನ ಅಗಲವನ್ನಷ್ಟೇ ಲೆಕ್ಕ ಹಾಕುತ್ತಿದ್ದರು. 2017ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವರ್ಗೀಕರಣವು ಆಳವನ್ನೂ ಸೇರಿಸಿತು. ಎರಡು ಸೆಂಟಿಮೀಟರ್ ಮೀರದ ಹುಣ್ಣಾದರೂ ಐದು ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ ಅದು ಮೊದಲ ಹಂತದ್ದಲ್ಲ. "ಸಣ್ಣ ಹುಣ್ಣು ತಾನೇ" ಎಂದು ನಾವು ಹೇಳಿಕೊಳ್ಳುವ ಸಮಾಧಾನ ಎಷ್ಟು ಟೊಳ್ಳು ಎಂಬುದು ಇದರಿಂದ ವಿದಿತವಾಗುತ್ತದೆ.

ಒಬ್ಬರ ಮಾತಲ್ಲ, ಹಲವರ ತೀರ್ಮಾನ

ಪಾಶ್ಚಾತ್ಯ ದೇಶಗಳ ಉತ್ತಮ ಆಸ್ಪತ್ರೆಗಳಲ್ಲಿ ನಾವು ನಿಜವಾಗಿ ಮೆಚ್ಚಬೇಕಾದುದು ಯಂತ್ರಗಳಿಗಿಂತಲೂ ಅಲ್ಲಿನ ಕ್ರಮವನ್ನು. ಶಸ್ತ್ರವೈದ್ಯರು, ವಿಕಿರಣ ತಜ್ಞರು, ಔಷಧ ತಜ್ಞರು, ಪೆಥಾಲಜಿ ತಜ್ಞರು, ದಂತವೈದ್ಯರು, ಆಹಾರ ತಜ್ಞರು, ಮಾತು ಮತ್ತು ನುಂಗುವಿಕೆಯ ತರಬೇತಿ ನೀಡುವವರು, ಇವರೆಲ್ಲ ಒಂದೆಡೆ ಕುಳಿತು ಪ್ರತಿ ರೋಗಿಯ ವಿಷಯವನ್ನು ಚರ್ಚಿಸಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಬ್ರಿಟನ್ನಿನಲ್ಲಿ 1995ರ ಒಂದು ಸರಕಾರಿ ವರದಿಯ ಬಳಿಕ ಈ ಪದ್ಧತಿ ಬೇರೂರಿತು. ಜರ್ಮನಿಯಲ್ಲಿ ಬಾಯಿ, ದವಡೆ, ಮುಖಗಳ ಶಸ್ತ್ರವೈದ್ಯರಾಗಬೇಕಾದರೆ ವೈದ್ಯಕೀಯ ಮತ್ತು ದಂತವೈದ್ಯಕೀಯ ಎರಡನ್ನೂ ಓದಿರಬೇಕು. ರೋಗಿಯ ಸಂಶಯಗಳಿಗೆ ಉತ್ತರಿಸಲೆಂದೇ ಬ್ರಿಟನ್ನಿನಲ್ಲಿ ಒಬ್ಬ ವಿಶೇಷ ದಾದಿಯನ್ನು ಗೊತ್ತುಪಡಿಸುತ್ತಾರೆ.

ಇನ್ನು ಚಿಕಿತ್ಸೆ. ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ. ಹುಣ್ಣನ್ನು ಸುತ್ತಲಿನ ಆರೋಗ್ಯವಂತ ಅಂಚಿನೊಡನೆ ತೆಗೆಯುತ್ತಾರೆ. ಅಗತ್ಯವಿದ್ದರೆ ದವಡೆಯ ಮೂಳೆಯ ಭಾಗವನ್ನೂ, ಕೊರಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯುತ್ತಾರೆ. ತೆಗೆದ ಜಾಗವನ್ನು ತುಂಬುವ ಕಲೆ ಕಳೆದ ಐವತ್ತು ವರ್ಷಗಳಲ್ಲಿ ಬಹಳ ಬೆಳೆದಿದೆ. 1979ರಲ್ಲಿ ಅಮೆರಿಕದ ವೈದ್ಯರೊಬ್ಬರು ಎದೆಯ ಸ್ನಾಯುವನ್ನು ಹಾಗೆಯೇ ಮೇಲಕ್ಕೆ ತಿರುಗಿಸಿ ಬಾಯಿಯ ಭಾಗವನ್ನು ಕಟ್ಟುವ ವಿಧಾನವನ್ನು ಪ್ರಕಟಿಸಿದರು. 1981ರಲ್ಲಿ ಚೀನಾದ ವೈದ್ಯರು ಮುಂದೋಳಿನ ತೆಳು ಚರ್ಮವನ್ನು ರಕ್ತನಾಳಸಹಿತ ತೆಗೆದು ಬೇರೆಡೆ ಜೋಡಿಸುವುದನ್ನು ಪ್ರಕಟಿಸಿದರು. 1989ರಲ್ಲಿ ನ್ಯೂಯಾರ್ಕಿನ ವೈದ್ಯರೊಬ್ಬರು ಕಾಲಿನ ಸಣ್ಣ ಎಲುಬಿನಿಂದ ಕೆಳದವಡೆಯನ್ನು ಕಟ್ಟಿ ತೋರಿಸಿದರು. ಕೂದಲಿನಂಥ ದಾರದಿಂದ ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳಗಳನ್ನು ಹೊಲಿಯುವ ಈ ಶಸ್ತ್ರಚಿಕಿತ್ಸೆ ಇಂದು ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ನಡೆಯುತ್ತಿದೆ.

ರೋಗ ಮುಂದುವರಿದಿದ್ದರೆ ಶಸ್ತ್ರಚಿಕಿತ್ಸೆಯ ಬಳಿಕ ವಾರಕ್ಕೆ ಐದು ದಿನದಂತೆ ಆರು ವಾರಗಳಷ್ಟು ವಿಕಿರಣ ಚಿಕಿತ್ಸೆ ಬೇಕು. ತೆಗೆದ ಅಂಚಿನಲ್ಲಿ ರೋಗ ಉಳಿದಿದ್ದರೆ ಅಥವಾ ಗ್ರಂಥಿಯ ಕವಚವನ್ನು ಒಡೆದು ಹೊರಬಂದಿದ್ದರೆ ಅದರ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನೂ ಕೊಡುತ್ತಾರೆ. ಇದು 2004ರಲ್ಲಿ ಯುರೋಪ್ ಮತ್ತು ಅಮೆರಿಕಗಳ ಎರಡು ಅಧ್ಯಯನಗಳಿಂದ ಸ್ಥಿರಪಟ್ಟ ಕ್ರಮ. ಇಲ್ಲೊಂದು ಮಾತನ್ನು ಓದುಗರು ಗಂಟು ಹಾಕಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದ ಸುಮಾರು ಆರು ವಾರಗಳೊಳಗೆ ವಿಕಿರಣ ಆರಂಭವಾಗಬೇಕು. ಶಸ್ತ್ರಚಿಕಿತ್ಸೆಯನ್ನು ಒಂದು ದೇಶದಲ್ಲಿ, ವಿಕಿರಣವನ್ನು ಇನ್ನೊಂದು ದೇಶದಲ್ಲಿ ಮಾಡಿಸಲು ಹೋಗಿ ಈ ಅವಧಿಯನ್ನು ಮೀರಿದರೆ ಸಾಧಿಸಿದ್ದು ಕೈಜಾರುತ್ತದೆ. ವಿಕಿರಣಕ್ಕೆ ಮೊದಲು ಹಾಳಾದ ಹಲ್ಲುಗಳನ್ನು ಕೀಳಿಸಬೇಕು; ಬಳಿಕ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಹೊಸ ಔಷಧಗಳೂ ಬಂದಿವೆ. ಅಂಥದೊಂದನ್ನು ಶಸ್ತ್ರಚಿಕಿತ್ಸೆಯ ಹಿಂದೆ-ಮುಂದೆ ಕೆಲವು ರೋಗಿಗಳಿಗೆ ಕೊಡಲು ಅಮೆರಿಕ 2025ರಲ್ಲಿ ಅನುಮತಿ ನೀಡಿತು. ಆದರೆ ಅವು ಎಲ್ಲರಿಗೂ ಅಲ್ಲ, ಶಸ್ತ್ರಚಿಕಿತ್ಸೆಗೆ ಬದಲಿಯೂ ಅಲ್ಲ.

ವಿಯೆನ್ನಾದ ಒಂದು ಪ್ರಕರಣ

ರೋಗಿಗೆ ತಿಳಿಸಕೂಡದೆಂಬ ನಿಶ್ಚಯದ ಬಗ್ಗೆ ಈಗ ಹೇಳಬೇಕು. ಇದು ನಮ್ಮ ನಾಡಿನ ಮನೆಗಳಲ್ಲಿ ಮಾತ್ರ ಇರುವ ರೂಢಿ ಎಂದು ಯಾರೂ ಭಾವಿಸಬೇಕಾಗಿಲ್ಲ. ನೂರು ವರ್ಷಗಳ ಹಿಂದೆ ಯುರೋಪಿನಲ್ಲೂ ಹೀಗೆಯೇ ಇತ್ತು.

ಮನಶ್ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸಿಗ್ಮಂಡ್ ಫ್ರಾಯ್ಡ್ ಅವರಿಗೆ ಸಿಗಾರ್ ಸೇದುವ ಚಟವಿತ್ತು. 1923ರ ಫೆಬ್ರವರಿಯಲ್ಲಿ ತಮ್ಮ ಬಾಯಿಯೊಳಗೆ ಒಂದು ಬೆಳವಣಿಗೆಯನ್ನು ಕಂಡರೂ ಎರಡು ತಿಂಗಳು ಸುಮ್ಮನಿದ್ದರು. ಅದನ್ನು ನೋಡಿದ ವೈದ್ಯ ಫೆಲಿಕ್ಸ್ ಡಾಯ್ಚ್ ಅವರಿಗೆ ಅದು ಕ್ಯಾನ್ಸರ್ ಎಂದು ಅನ್ನಿಸಿದರೂ, ಫ್ರಾಯ್ಡ್ ಆಘಾತವನ್ನು ತಾಳಲಾರರೆಂದು ಭಾವಿಸಿ, ಬರಿಯ ಬಿಳಿಮಚ್ಚೆ ಎಂದರು. ಏಪ್ರಿಲಿನಲ್ಲಿ ವಿಯೆನ್ನಾದ ಒಂದು ಚಿಕಿತ್ಸಾಲಯದ ಹೊರರೋಗಿ ವಿಭಾಗದಲ್ಲಿ ಅವಸರದ ಶಸ್ತ್ರಚಿಕಿತ್ಸೆಯಾಯಿತು. ಮನೆಯವರಿಗೂ ಮುಂಚೆ ತಿಳಿಸಿರಲಿಲ್ಲ. ಪತ್ನಿ ಮತ್ತು ಮಗಳು ಅಲ್ಲಿಗೆ ಹೋದಾಗ, ರಕ್ತಸಿಕ್ತ ಬಟ್ಟೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ಫ್ರಾಯ್ಡ್ ಅವರನ್ನು ಕಂಡರು. ಆ ದಿನ ಮತ್ತೆ ರಕ್ತಸ್ರಾವವಾದಾಗ, ಕರೆಗಂಟೆ ಕೆಟ್ಟಿದ್ದ ಆ ಕೋಣೆಯಲ್ಲಿ ಜೊತೆಗಿದ್ದ ಇನ್ನೊಬ್ಬ ರೋಗಿ ಓಡಿಹೋಗಿ ದಾದಿಯನ್ನು ಕರೆತಂದುದರಿಂದ ಜೀವ ಉಳಿಯಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಹಾನ್ಸ್ ಪಿಖ್ಲರ್ ಎಂಬ ಶಸ್ತ್ರವೈದ್ಯರು ಮೇಲ್ದವಡೆಯ ಮತ್ತು ಅಂಗಳದ ದೊಡ್ಡ ಭಾಗವನ್ನು ತೆಗೆದರು. ಬಾಯಿಯೂ ಮೂಗೂ ಒಂದಾದವು. ಅವೆರಡನ್ನೂ ಬೇರ್ಪಡಿಸಲು ಕೃತಕ ಅಂಗಳವೊಂದನ್ನು ಸದಾ ಧರಿಸಬೇಕಾಯಿತು. ಮುಂದಿನ ಹದಿನಾರು ವರ್ಷಗಳಲ್ಲಿ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಅಷ್ಟಾದರೂ ಸಿಗಾರ್ ಬಿಡಲಿಲ್ಲ. ನಾಜಿಗಳ ಕಾಟದಿಂದ 1938ರಲ್ಲಿ ಲಂಡನ್ನಿಗೆ ವಲಸೆ ಹೋದಾಗ, ಪಿಖ್ಲರ್ ವಿಯೆನ್ನಾದಿಂದ ಅಲ್ಲಿಗೇ ಬಂದು ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿದರು. 1939ರ ಸೆಪ್ಟೆಂಬರ್ 23ರಂದು ಫ್ರಾಯ್ಡ್ ತೀರಿಕೊಂಡರು.

ತಮ್ಮಿಂದ ಸತ್ಯವನ್ನು ಮುಚ್ಚಿಟ್ಟುದನ್ನು ಫ್ರಾಯ್ಡ್ ಎಂದೂ ಕ್ಷಮಿಸಲಿಲ್ಲ. ಹಾಗೆ ಮಾಡಲು ಇವರಿಗೆ ಅಧಿಕಾರ ಕೊಟ್ಟವರಾರು ಎಂಬುದೇ ಅವರ ಪ್ರಶ್ನೆಯಾಗಿತ್ತು. 1929ರಲ್ಲಿ ಮ್ಯಾಕ್ಸ್ ಶೂರ್ ಎಂಬ ತರುಣ ವೈದ್ಯರನ್ನು ತಮ್ಮ ಆರೈಕೆಗೆ ಒಪ್ಪಿಕೊಂಡಾಗ ಅವರು ಹಾಕಿದ ಷರತ್ತುಗಳಲ್ಲಿ ಒಂದು: ಸದಾ ಸತ್ಯವನ್ನೇ ಹೇಳಬೇಕು. ಶೂರ್ ಕೊನೆಯವರೆಗೂ ಆ ಮಾತನ್ನು ನಡೆಸಿಕೊಟ್ಟರು.

ಇಂದು ಬ್ರಿಟನ್ನಿನಲ್ಲಿ ಬುದ್ಧಿ ಸ್ವಸ್ಥವಿರುವ ವಯಸ್ಕರ ಪರವಾಗಿ ಮಗನಾಗಲಿ ಮಡದಿಯಾಗಲಿ ಒಪ್ಪಿಗೆಯ ಸಹಿ ಹಾಕುವಂತಿಲ್ಲ. ವೈದ್ಯರು ರೋಗಿಯೊಡನೆಯೇ ನೇರವಾಗಿ ಮಾತನಾಡುತ್ತಾರೆ. ಭಾಷೆ ತಿಳಿಯದಿದ್ದರೆ ದುಭಾಷಿಯನ್ನು ಕರೆಸುತ್ತಾರೆ. ಮನೆಯಲ್ಲಿ ಮುಚ್ಚಿಟ್ಟ ಮಾತು ಅಲ್ಲಿ ಅಪರಿಚಿತರ ಬಾಯಿಂದ, ಪರಭಾಷೆಯಲ್ಲಿ, ಒಮ್ಮೆಲೇ ಹೊರಬೀಳುತ್ತದೆ. ಅದಕ್ಕಿಂತ ಮನೆಯ ಪಡಸಾಲೆಯಲ್ಲಿ, ತನ್ನವರ ನಡುವೆ, ತನ್ನ ನುಡಿಯಲ್ಲಿ ಹಿರಿಯರು ಅದನ್ನು ಕೇಳುವುದು ಎಷ್ಟೋ ಮೇಲು.

ಹೋಗಬೇಕೇ, ಬೇಡವೇ?

ವಿದೇಶಕ್ಕೆ ಹೋಗುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಅಲ್ಲಿಯೇ ಕಾಯಂ ನೆಲೆಸಿರುವವರು ಅಲ್ಲಿಯೇ ಚಿಕಿತ್ಸೆ ಪಡೆಯಬೇಕು. ಅಪರೂಪದ ಬಗೆಯ ಗಡ್ಡೆಯಾಗಿದ್ದು, ಇಲ್ಲಿನ ತಜ್ಞರೇ ಇಂಥಲ್ಲಿ ಪ್ರಯೋಜನವಾದೀತು ಎಂದು ಸೂಚಿಸಿದರೆ ಆ ಮಾತು ಬೇರೆ. ಆದರೆ ಕೆನ್ನೆಯ ಅಥವಾ ನಾಲಗೆಯ ಸಾಮಾನ್ಯ ಕ್ಯಾನ್ಸರಿಗಾಗಿ ತೋಟ ಮಾರಿ ಹೊರಡುವ ಮುನ್ನ ಕೆಲವು ಸಂಗತಿಗಳನ್ನು ತೂಗಿ ನೋಡಬೇಕು.

ಮೊದಲನೆಯದು, ಹಣ. ಮಗ ಅಲ್ಲಿ ತೆರಿಗೆ ಕಟ್ಟುತ್ತಾನೆ, ಆದ್ದರಿಂದ ತಂದೆಗೆ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಭೇಟಿಗೆಂದು ಹೋದ ತಂದೆತಾಯಿಗಳು ಆ ದೇಶದ ನಿವಾಸಿಗಳಲ್ಲ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳು ಅಂಥವರಿಗೆ ನಿಗದಿತ ದರದ ನೂರೈವತ್ತು ಪ್ರತಿಶತ ಶುಲ್ಕ ವಿಧಿಸುತ್ತವೆ. ತುರ್ತಲ್ಲದ ಚಿಕಿತ್ಸೆಗೆ ಹಣವನ್ನು ಮುಂಗಡವಾಗಿಯೇ ಕಟ್ಟಬೇಕು.

ಎರಡನೆಯದು, ವೀಸಾ. ಖಾಸಗಿ ಚಿಕಿತ್ಸೆಗೆಂದು ಬ್ರಿಟನ್ನಿಗೆ ಹೋಗಲು, ರೋಗವೇನು, ಚಿಕಿತ್ಸೆ ಎಲ್ಲಿ, ಎಷ್ಟು ಕಾಲ, ಎಷ್ಟು ಖರ್ಚು ಎಂಬುದನ್ನು ತಿಳಿಸುವ ಅಲ್ಲಿನ ವೈದ್ಯರ ಪತ್ರ ಬೇಕು. ರೋಗವೇನೆಂದು ತಿಳಿಯುವುದು ಬಯಾಪ್ಸಿಯಿಂದ. ಆದ್ದರಿಂದ ವೀಸಾ ಬರಲಿ, ಆಮೇಲೆ ಪರೀಕ್ಷೆ ಎಂಬ ಲೆಕ್ಕ ತಲೆಕೆಳಗಾದದ್ದು.

ಮೂರನೆಯದು, ಕಾಲ. ಶಸ್ತ್ರಚಿಕಿತ್ಸೆ, ಚೇತರಿಕೆ, ವಿಕಿರಣ ಎಲ್ಲ ಸೇರಿ ಮೂರು-ನಾಲ್ಕು ತಿಂಗಳು ಹಿಡಿಯುತ್ತದೆ. ಅನಂತರ ಐದು ವರ್ಷಗಳ ಕಾಲ ನಿಯತವಾಗಿ ತೋರಿಸಿಕೊಳ್ಳಬೇಕು. ಮೊದಲ ವರ್ಷದಲ್ಲಂತೂ ಒಂದೆರಡು ತಿಂಗಳಿಗೊಮ್ಮೆ. ಬಾಯಿಯಲ್ಲಿ ಗಾಯ, ಮೂಗಿನಲ್ಲಿ ಆಹಾರದ ನಳಿಕೆ ಇರುವ ಹಿರಿಯರಿಗೆ ಚಳಿನಾಡಿನ ಬಾಡಿಗೆ ಕೋಣೆಯಲ್ಲಿ ಗಂಜಿ ಕಾಯಿಸಿ ಕೊಡುವವರು ಯಾರು, ಎಷ್ಟು ದಿನ ಎಂಬುದನ್ನೂ ಯೋಚಿಸಬೇಕು.

ಅಷ್ಟೂ ಯೋಚಿಸಿ ಹೊರಟವರು ಆಸ್ಪತ್ರೆಯನ್ನು ಲಿಖಿತವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ತಿಳಿಸಿದ ಮೊತ್ತದಲ್ಲಿ ಗಾಯ ತುಂಬುವ ಶಸ್ತ್ರಚಿಕಿತ್ಸೆ ಸೇರಿದೆಯೇ? ತೊಡಕಾಗಿ ಎರಡನೆಯ ಸಲ ಕೊಠಡಿಗೆ ಒಯ್ಯಬೇಕಾದರೆ ಹಣವೆಷ್ಟು? ವಿಕಿರಣ ಎಲ್ಲಿ, ಯಾವ ದಿನದಿಂದ? ತಜ್ಞರ ಸಭೆಯ ತೀರ್ಮಾನದ ಪ್ರತಿ ಸಿಗುವುದೇ? ಮರಳಿ ಬರುವಾಗ ಬಿಡುಗಡೆ ಪತ್ರ, ಸ್ಕ್ಯಾನ್‌ಗಳು, ಪೆಥಾಲಜಿ ವರದಿ, ತುಣುಕಿನ ಗಾಜಿನ ಫಲಕ ಮತ್ತು ಮೇಣದ ಅಚ್ಚುಗಳನ್ನು ತಪ್ಪದೆ ತರಬೇಕು. ರೋಗಿಯನ್ನು ಪರೀಕ್ಷಿಸದೆ, ವರದಿಗಳನ್ನೂ ತರಿಸಿಕೊಳ್ಳದೆ ಪೂರ್ತಿ ಗುಣಪಡಿಸುತ್ತೇವೆಂದು ಮಾತು ಕೊಡುವ ಮಧ್ಯವರ್ತಿಗಳನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ. ಹೊರದೇಶದ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಕಾಗದಪತ್ರಗಳನ್ನು ಕಳುಹಿಸಿ ಪಡೆಯಬಹುದು. ಅದಕ್ಕಾಗಿ ಹಿರಿಯರನ್ನು ವಿಮಾನ ಹತ್ತಿಸಬೇಕಾಗಿಲ್ಲ.

ಅವರು ನಮ್ಮಿಂದ ಕಲಿತದ್ದು

ನಮ್ಮ ಓದುಗರಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದಿದೆ. ಕೊರಳಿನಲ್ಲಿ ಗಂಟು ಕಾಣದಿದ್ದರೂ ಆರಂಭದ ಹಂತದಲ್ಲೇ ಗ್ರಂಥಿಗಳನ್ನು ತೆಗೆಯಬೇಕೇ, ಕಂಡ ಮೇಲೆ ತೆಗೆದರೆ ಸಾಕೇ ಎಂಬ ಪ್ರಶ್ನೆ ಜಗತ್ತಿನ ಶಸ್ತ್ರವೈದ್ಯರನ್ನು ಬಹುಕಾಲ ಕಾಡಿತ್ತು. ಅದಕ್ಕೆ ಸ್ಪಷ್ಟ ಉತ್ತರ ದೊರೆತದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಗ್ರಂಥಿ ತೆಗೆದವರಲ್ಲಿ ಮೂರು ವರ್ಷದ ಬಳಿಕ ನೂರಕ್ಕೆ 80 ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ 67.5. ಲಂಡನ್, ನ್ಯೂಯಾರ್ಕ್‌ಗಳ ವೈದ್ಯರೂ ಇಂದು ಈ ಅಧ್ಯಯನವನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ದುಬಾರಿಯಾದ ಹೊಸ ಔಷಧವೊಂದನ್ನು ಅತಿ ಅಲ್ಪ ಪ್ರಮಾಣದಲ್ಲಿ ಕೊಟ್ಟರೂ ಮುಂದುವರಿದ ರೋಗಿಗಳ ಆಯುಷ್ಯ ಹೆಚ್ಚುತ್ತದೆಂದು 2022ರಲ್ಲಿ ತೋರಿಸಿದವರೂ ಅದೇ ಆಸ್ಪತ್ರೆಯ ವೈದ್ಯರು. ಬರಿಗಣ್ಣಿನಿಂದ ಬಾಯಿಯನ್ನು ಪರೀಕ್ಷಿಸಿದರೆ ತಂಬಾಕು, ಮದ್ಯ ಬಳಸುವವರಲ್ಲಿ ಈ ರೋಗದ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆಂದು 2005ರಲ್ಲಿ ತಿಳಿಸಿದ್ದು ಕೇರಳದ ತಿರುವನಂತಪುರದ ಅಧ್ಯಯನ.

ಇದರಲ್ಲಿ ಹೆಮ್ಮೆಗಿಂತ ವ್ಯಥೆಯೇ ಹೆಚ್ಚು. ಈ ಅನುಭವ ನಮಗೆ ಬಂದಿರುವುದು ಈ ರೋಗ ನಮ್ಮಲ್ಲೇ ಅಧಿಕವಾಗಿರುವುದರಿಂದ. 2022ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದವರು ಸುಮಾರು 3 ಲಕ್ಷ 89 ಸಾವಿರ. ಅವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಭಾರತದವರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇಂಥ ರೋಗಿಗಳ ಸೇವೆಯಲ್ಲಿದೆ. 2012ರಲ್ಲಿ ಆರಂಭವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಒಂದೇ ಚಿಕಿತ್ಸಾ ಕ್ರಮಕ್ಕೆ ತರಲು ಶ್ರಮಿಸುತ್ತಿದೆ.

ಅಡಿಕೆಯ ಮಾತು

ಇನ್ನೊಂದು ಮಾತನ್ನು ಹೇಳಲು ನಮಗೆ ಸಂಕೋಚವಿದೆ. ಆದರೂ ಹೇಳದಿದ್ದರೆ ಕರ್ತವ್ಯಲೋಪವಾದೀತು. ನಮ್ಮ ಓದುಗರಲ್ಲಿ ಎಷ್ಟೋ ಮನೆತನಗಳು ಅಡಿಕೆಯನ್ನು ನಂಬಿ ಬಾಳುತ್ತಿವೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕವೇ. ಮಂಗಳಕಾರ್ಯಕ್ಕೆ ಎಲೆಯಡಿಕೆ ಇಲ್ಲದೆ ನಡೆಯದು. ಆದರೆ ದಿನವೂ ಜಗಿಯುವ ಮಾತು ಬೇರೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಜಗಿಯುವವರ ಕೆನ್ನೆ ಒಳಗೆ ಬಿರುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಒಂದು ರೋಗವಿದೆ. ಅದನ್ನು ವೈದ್ಯರು 1952ರಲ್ಲಿ ವರದಿ ಮಾಡಿದ್ದು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ. ಹುಟ್ಟೂರು ಬಿಟ್ಟರೂ ಅಡಿಕೆಯ ಚೀಲ ಜೊತೆಗೆ ಹೋಗಿತ್ತು! ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಆದರೆ ಅಡಿಕೆ ಪುಡಿಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ತರುಣರನ್ನು ತಡೆಯುವವರು ಮನೆಯವರೇ ಆಗಬೇಕು.

ತೈವಾನಿನಲ್ಲೂ ಅಡಿಕೆ ಜಗಿಯುವ ರೂಢಿಯಿದೆ. ಅಲ್ಲಿನ ಸರಕಾರ 2004ರಿಂದ ಅಡಿಕೆ ಜಗಿಯುವವರನ್ನೂ ಧೂಮಪಾನಿಗಳನ್ನೂ ಕರೆದು ಬಾಯಿಯ ತಪಾಸಣೆ ನಡೆಸಿತು. ಇದಕ್ಕೆ ಬೇಕಾದುದು ದೀಪ, ಕನ್ನಡಿ, ತರಬೇತಿ ಪಡೆದ ಕಣ್ಣು, ಇಷ್ಟೇ. ಮನೆಯಲ್ಲೂ ತಿಂಗಳಿಗೊಮ್ಮೆ ಹಿರಿಯರನ್ನು ಬೆಳಕಿಗೆ ಕೂರಿಸಿ ಕೆನ್ನೆ, ಒಸಡು, ನಾಲಗೆಯ ಎರಡು ಬದಿ ಮತ್ತು ಅಡಿ, ಅಂಗಳಗಳನ್ನು ನೋಡಬಹುದು. ಮೂರು ವಾರ ಮೀರಿದ ಹುಣ್ಣು, ಕೆಂಪು ಅಥವಾ ಬಿಳಿ ಮಚ್ಚೆ, ಕೊರಳಿನ ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು, ಮೂರು ಬೆರಳು ಹಿಡಿಯದಷ್ಟು ಕಿರಿದಾದ ಬಾಯಿ, ಇವುಗಳಲ್ಲಿ ಒಂದಿದ್ದರೂ ವೈದ್ಯರ ಬಳಿಗೆ ಹೋಗಬೇಕು. ನೋವಿಲ್ಲವೆಂದು ತಡಮಾಡಬಾರದು, ಆರಂಭದಲ್ಲಿ ಈ ರೋಗಕ್ಕೆ ನೋವು ಇರುವುದೇ ಅಪರೂಪ. ಕೊರಳಿನ ಗ್ರಂಥಿಗೆ ಇಳಿಯಿತೆಂದರೆ ಬದುಕುವ ಅವಕಾಶ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆ ಮನೆಯ ವರ್ತಮಾನ

ಪತ್ರ ಬರೆದ ಸೊಸೆ ನಮ್ಮ ಮಾತನ್ನು ನಡೆಸಿದರು. ತುಣುಕು ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂದಿತು. ಅಂದು ಸಂಜೆ ಧೈರ್ಯ ಮಾಡಿ ಮಾವನವರ ಮುಂದೆ ಕುಳಿತು ವಿಷಯ ತಿಳಿಸಿದಾಗ ಆ ಹಿರಿಯರು ಹೇಳಿದರಂತೆ: "ನನಗೆ ಆಗಲೇ ತಿಳಿದಿತ್ತು ಕಣಮ್ಮಾ. ನೀವೆಲ್ಲ ನೊಂದುಕೊಳ್ಳುತ್ತೀರೆಂದು ನಾನೇ ಸುಮ್ಮನಿದ್ದೆ." ಒಂದೇ ಸೂರಿನಡಿ ಎರಡು ಕಡೆಯವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂಟಿಯಾಗಿ ನರಳುತ್ತಿದ್ದರು.

ಇಂಗ್ಲೆಂಡಿನ ಮಗ ವರದಿಗಳನ್ನು ಅಲ್ಲಿನ ತಜ್ಞರೊಬ್ಬರಿಗೆ ತೋರಿಸಿದರು. ಬೆಂಗಳೂರಿನ ವೈದ್ಯರು ಸೂಚಿಸಿದ ಚಿಕಿತ್ಸೆಯನ್ನೇ ಅವರೂ ಹೇಳಿದರು. ಅಪ್ಪಾಜಿಯನ್ನು ಅಲ್ಲಿಗೆ ಕರೆಸಿಕೊಳ್ಳುವ ಬದಲು ಮಗನೇ ರಜೆ ಹಾಕಿ ಊರಿಗೆ ಬಂದರು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಕೊರಳಿನ ಒಂದು ಗ್ರಂಥಿಯಲ್ಲಿ ರೋಗ ಕಂಡಿದ್ದರಿಂದ ಮೂವತ್ತು ಸಲ ವಿಕಿರಣವೂ ಆಯಿತು. ಎರಡು ತಿಂಗಳು ಮುಂಚೆ ಬಂದಿದ್ದರೆ ಅದೂ ಬೇಕಾಗುತ್ತಿರಲಿಲ್ಲವೇನೋ ಎಂಬ ಕೊರಗು ಆ ಮನೆಯವರಿಗೆ ಉಳಿದಿದೆ. ಐದು ವರ್ಷ ಕಳೆಯುವವರೆಗೆ ಪೂರ್ಣ ಗುಣವೆನ್ನುವಂತಿಲ್ಲ. ಆದರೆ ಈಗಿನ ಮಟ್ಟಿಗೆ ರೋಗದ ಕುರುಹಿಲ್ಲ. ಮಾತು ತುಸು ತೊದಲುತ್ತದೆ. ಮೆತ್ತಗೆ ಕಲಸಿದ ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಸೇರುತ್ತಿದೆ. ಎಲೆಯಡಿಕೆಯ ಚೀಲವನ್ನು ಅವರೇ ಸೊಸೆಯ ಕೈಗೆ ಕೊಟ್ಟಿದ್ದಾರೆ. ತೋಟ ಮಾರಲಿಲ್ಲ. ಬೆಳಿಗ್ಗೆ ಒಂದು ಸುತ್ತು ಅಲ್ಲಿಗೆ ಹೋಗಿ ಬರುತ್ತಾರೆಂದು ಕಳೆದ ವಾರದ ಪತ್ರದಲ್ಲಿ ಆ ತಾಯಿ ಬರೆದಿದ್ದಾರೆ.

ಓದುಗ ಬಂಧುಗಳೇ, ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಕಿಟಕಿಯ ಬೆಳಕಿಗೆ ಕರೆದು, ಒಮ್ಮೆ ಬಾಯಿ ತೆರೆಯಲು ಹೇಳಿ. ಹೊರದೇಶದಲ್ಲಿರುವ ಮಕ್ಕಳಿಗೂ ಇದನ್ನು ಓದಿ ಹೇಳಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.